ಚರ್ಚು ನೋಡಿ ಸಾಕಾಗಿದೆಯೇ? ಕೂರುವುದು, ಹತ್ತುವುದು, ಕೇಳುವುದು

ಯುರೋಪ್ ಪ್ರವಾಸದಲ್ಲಿ ನಾಲ್ಕಾರು ಕೆಥೆಡ್ರಲ್ ನೋಡಿದ ಮೇಲೆ ಎಲ್ಲವೂ ಒಂದೇ ಥರ ಕಾಣತೊಡಗುತ್ತವೆ. ಹಾಗೆಂದು ಉಳಿದದ್ದನ್ನೆಲ್ಲ ಪಟ್ಟಿಯಿಂದ ಕಿತ್ತುಹಾಕಬೇಡಿ, ನೋಡುವ ರೀತಿ ಬದಲಿಸಿ. ಒಂದೇ ಚರ್ಚಿನಲ್ಲಿ ನಿಧಾನವಾಗಿ ಕೂರಬಹುದು, ಗೋಪುರ ಹತ್ತಬಹುದು, ಇಲ್ಲವೇ ಈವನ್‌ಸಾಂಗ್ ಎಂಬ ಸಂಜೆಯ ಗಾಯನ ಪ್ರಾರ್ಥನೆಗೆ ಹೋಗಬಹುದು.

ಖರ್ಚಿನ ಲೆಕ್ಕದಲ್ಲಿ ಪ್ರಾರ್ಥನೆಯೇ ಹಗುರ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯನ್ನು ಸುತ್ತಿ ನೋಡಲು ದುಬಾರಿ ಟಿಕೆಟ್ ಬೇಕು. ಅಲ್ಲೇ ನಡೆಯುವ ಈವನ್‌ಸಾಂಗ್‌ಗೆ ದುಡ್ಡಿಲ್ಲ. ಫ್ರಾನ್ಸಿನ ಷಾರ್ತ್ರ್ ಕೆಥೆಡ್ರಲ್ಲಿಗೂ ಪ್ರವೇಶ ಉಚಿತ. ಹತ್ತುವುದಕ್ಕೆ ಮಾತ್ರ ಸಾಮಾನ್ಯವಾಗಿ ಹಣ ಕೊಡಬೇಕು.

ಮೈಗೆ ಶ್ರಮವೂ ಹತ್ತುವುದರಲ್ಲೇ ಹೆಚ್ಚು. ಜರ್ಮನಿಯ ಕಲೋನ್ ಕೆಥೆಡ್ರಲ್ಲಿನ ಗೋಪುರಕ್ಕೆ 533 ಮೆಟ್ಟಿಲು, ಇಟಲಿಯ ಫ್ಲಾರೆನ್ಸ್ ಕೆಥೆಡ್ರಲ್ಲಿನ ಗುಮ್ಮಟಕ್ಕೆ 463. ಎರಡಕ್ಕೂ ಲಿಫ್ಟ್ ಇಲ್ಲ. ಆದರೆ ಫ್ಲಾರೆನ್ಸಿನಲ್ಲಿ ದಾರಿ ಗುಮ್ಮಟದ ಒಳಚಿತ್ರದ ಪಕ್ಕದಲ್ಲೇ ಹಾಯುತ್ತದೆ. ಕೆಳಗಿನಿಂದ ಚುಕ್ಕಿಯಂತಿದ್ದ ಆಕೃತಿಗಳು ಅಲ್ಲಿ ದೈತ್ಯರಾಗಿ ಎದುರು ನಿಲ್ಲುತ್ತವೆ! ಮಂಡಿ ಗಟ್ಟಿ ಇದ್ದವರು, ಓಡಾಡುವ ವಯಸ್ಸಿನ ಮಕ್ಕಳಿದ್ದವರು ಇದನ್ನೇ ಆರಿಸಲಿ.

ಮನಸ್ಸೇ ದಣಿದಿದ್ದರೆ ಕೂರುವುದು ಮೇಲು. ಷಾರ್ತ್ರ್‌ನ 12–13ನೇ ಶತಮಾನದ ಬಣ್ಣದ ಗಾಜುಗಳಲ್ಲಿ ಒಂದೇ ಒಂದು ಕಿಟಕಿ ಆರಿಸಿಕೊಳ್ಳಿ. ಮೋಡ ಸರಿದು ಬಿಸಿಲು ಬಿದ್ದಾಗ ಆ ನೀಲಿ ಹೇಗೆ ಹೊತ್ತಿಕೊಳ್ಳುತ್ತದೆ ನೋಡಿ. ಆ ದಿನಕ್ಕೆ ಅಷ್ಟು ಸಾಕು, ಮಿಕ್ಕ ಕಿಟಕಿಗಳನ್ನು ಬಿಡಿ.

ಕಣ್ಣಿಗೇ ಬೇಸರ ಬಂದಿದ್ದರೆ ಕಿವಿಗೆ ಕೆಲಸ ಕೊಡಿ. ಈವನ್‌ಸಾಂಗ್‌ನಲ್ಲಿ ಗಾಯಕವೃಂದ ಹಾಡುವಾಗ ಆ ಎತ್ತರದ ಕಮಾನುಗಳು ಏಕಿವೆ ಎಂದು ಗೊತ್ತಾಗುತ್ತದೆ. ಆದರೆ ಅದು ಪೂಜೆಯ ಹೊತ್ತು: ಫೋಟೋ, ಓಡಾಟ ನಡೆಯದು. ಸುಮ್ಮನೆ ಕೂರಲಾಗದವರಿಗೆ ಗೋಪುರವೇ ಸರಿ.