ನಾಲ್ಕು ವರ್ಷದ ಶೇವರ್ ಹ್ಯಾಂಡ್‌ಪೀಸ್: ಮೋಟಾರ್ ಗಟ್ಟಿ, ನಮ್ಮೂರ ನೀರು ಗಡಸು

ಕೋಲಾರದ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ಓಟಿ (ಆಪರೇಷನ್ ಥಿಯೇಟರ್) ಟೆಕ್ನಿಷಿಯನ್. ಮಂಡಿಯ ಕೀಹೋಲ್ ಆಪರೇಷನ್‌ಗೆ ಬೇಕಾಗುವ ಶೇವರ್ ಹ್ಯಾಂಡ್‌ಪೀಸನ್ನು ನಾಲ್ಕು ವರ್ಷದಿಂದ ತೊಳೆಯುವವನೂ ನಾನೇ, ಜೋಡಿಸುವವನೂ ನಾನೇ. ಅದಕ್ಕೇ ಕಂಪನಿಯ ಹೆಸರು ಬಿಟ್ಟು ಮಿಕ್ಕಿದ್ದೆಲ್ಲ ಬರೆಯುತ್ತಿದ್ದೇನೆ.

ನೋಡಲು ಸಣ್ಣ ಟಾರ್ಚಿನ ಹಾಗಿದೆ. ಮುಂದೆ 4 ಮಿ.ಮೀ. ಬ್ಲೇಡ್. ಒಂದು ಕೊಳವೆಯೊಳಗೆ ಇನ್ನೊಂದು ಕೊಳವೆ ತಿರುಗಿ, ಹರಿದ ಮೆನಿಸ್ಕಸ್ (ಮಂಡಿಯೊಳಗಿನ ಮೆತ್ತೆಯಂಥ ಮೃದ್ವಸ್ಥಿ) ಚೂರನ್ನು ಕತ್ತರಿಸುತ್ತದೆ. ಸಕ್ಷನ್ ಆ ಚೂರನ್ನು ಹಿಡಿಯ ಒಳಗಿನಿಂದಲೇ ಎಳೆದುಕೊಳ್ಳುತ್ತದೆ. ಹಿಂಭಾಗದಲ್ಲಿ ಕೂತಿರುವುದು ಬೆರಳು ಗಾತ್ರದ ಬ್ರಷ್‌ಲೆಸ್ ಮೋಟಾರ್.

ಈ ಮೋಟಾರ್ ಬಗ್ಗೆ ನನಗೆ ದೂರಿಲ್ಲ. ಕಾರ್ಬನ್ ಬ್ರಷ್ ಇಲ್ಲದ ಕಾರಣ ಸವೆದು ಪುಡಿ ಉದುರುವ ಮಾತೇ ಇಲ್ಲ. ಆದರೆ ಕೆಲಸ ಕಠಿಣ. ಆಸಿಲೇಟ್ ಮೋಡಿನಲ್ಲಿ ಮುಂದಕ್ಕೊಂದಷ್ಟು ಸುತ್ತು, ತಟ್ಟನೆ ಹಿಂದಕ್ಕೊಂದಷ್ಟು ಸುತ್ತು. ಪ್ರತಿ ಸಲ ನಿಂತು ಮತ್ತೆ ಹೊರಡಬೇಕು. ಒಂದೇ ಕಡೆ ತಿರುಗುವುದಕ್ಕಿಂತ ಕರೆಂಟ್ ಜಾಸ್ತಿ ಎಳೆಯುತ್ತದೆ, ಬಿಸಿಯೂ ಜಾಸ್ತಿ. ಉದ್ದದ ಕೇಸ್ ಇದ್ದರೆ ಎರಡು ಗ್ಲೌಸ್ ಹಾಕಿಕೊಂಡಿದ್ದರೂ ನಮ್ಮ ಸರ್ಜನ್ ಸರ್ "ಕಾದಿದೆ ಕಣಪ್ಪ" ಅನ್ನುತ್ತಾರೆ.

ಎರಡನೇ ವರ್ಷ ಒಂದು ಕೇಸಿನ ನಡುವೆ ಇದು ನಿಂತುಬಿಟ್ಟಿತು. ಪೆಡಲ್ ಒತ್ತಿದರೆ ಒಂದು ಸಲ ನಡುಗಿ ಸುಮ್ಮನಾಗುತ್ತಿತ್ತು. ಸರ್ ಬೈಯಲಿಲ್ಲ, ಕೈಯಲ್ಲೇ ಕತ್ತರಿಸುವ ಬಾಸ್ಕೆಟ್ ಪಂಚ್ ಅನ್ನೋ ಉಪಕರಣ ತಗೊಂಡು ಮುಗಿಸಿದರು. ನಾನು ಮಾತ್ರ ಬೆವತುಹೋಗಿದ್ದೆ.

ಅದನ್ನು ಟವೆಲ್‌ನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡು ಬೆಂಗಳೂರಿನ ಬಸ್ ಹತ್ತಿದೆ. ಸರ್ವಿಸ್ ಸೆಂಟರಿನ ಹುಡುಗ ಬಿಚ್ಚಿ ತೋರಿಸಿದ. ಸುರುಳಿ, ಅಯಸ್ಕಾಂತ ಎರಡೂ ಹೊಸದರ ಹಾಗಿದ್ದವು. ಮುಂದಿನ ಬೇರಿಂಗ್ ಮೇಲೆ ಮಾತ್ರ ಸುಣ್ಣ ಬಳಿದ ಹಾಗೆ ಬಿಳಿ ಪೊರೆ. ನೀರು ಒಳಗೆ ಹೋಗದಂತೆ ತಡೆಯುವ ಸೀಲ್‌ನ ಅಂಚಿನಲ್ಲೂ ಅದೇ. ನಮ್ಮ ಮನೆ ಗೀಸರಿನ ಕಾಯಿಲ್ ನೆನಪಾಯಿತು. ಕೋಲಾರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ನಾವು ತೊಳೆಯುತ್ತಿದ್ದದ್ದು ಸೀದಾ ಬೋರ್‌ವೆಲ್ ನೀರಿನಲ್ಲಿ.

ಆಮೇಲೆ ಆಟೋಕ್ಲೇವ್, ಅಂದರೆ ಹಬೆಯಿಂದ ಕ್ರಿಮಿ ಕೊಲ್ಲುವ ಯಂತ್ರ. ಅದು ಮೊದಲು ಒಳಗಿನ ಗಾಳಿಯನ್ನು ಎಳೆದು, ನಂತರ 134 ಡಿಗ್ರಿ ಹಬೆಯನ್ನು ಒತ್ತಡದಲ್ಲಿ ನುಗ್ಗಿಸುತ್ತದೆ. ನೀರು ಹೋಗಲಾರದ ಸಂದಿಗೂ ಹಬೆ ಹೋಗುತ್ತದೆ. ಸೀಲ್ ಅಂಚಿನಲ್ಲಿ ಉಪ್ಪಿನ ಹರಳು ಕೂತಿದ್ದರೆ ಕೇಳಲೇಬೇಡಿ. ರಿಪೇರಿಗೆ ಮೂರು ವಾರ ಹಿಡಿಯಿತು, ಬದಲಿ ಹ್ಯಾಂಡ್‌ಪೀಸ್ ಕೊಡಲಿಲ್ಲ. ಮೂರು ವಾರ ನಮ್ಮಲ್ಲಿ ಮಂಡಿ ಕೇಸೇ ಇಲ್ಲ. ಈ ವಿಮರ್ಶೆಯಲ್ಲಿ ನಾನು ಒಂದು ಸ್ಟಾರ್ ಕಿತ್ತುಕೊಂಡಿರುವುದು ಇದಕ್ಕೇ.

ಈಗ ಕೊನೆಯ ಜಾಲಾಟ ಆರ್‌ಒ ನೀರಿನಲ್ಲಿ. ಸಕ್ಷನ್ ಲಿವರ್ ಪೂರ್ತಿ ತೆರೆದು, ಉದ್ದ ಬ್ರಷ್ಷನ್ನು ಆಚೆ ತುದಿಯಲ್ಲಿ ಕಾಣುವವರೆಗೆ ತೂರಿಸುತ್ತೇನೆ. ಸ್ವಚ್ಛ ಮಾಡಿದ ಮೇಲೂ ಶೇವರ್ ಒಳಗೆ ಮಾಂಸದ ಚೂರು ಉಳಿಯುತ್ತದೆ ಅಂತ ಅಮೆರಿಕದ ಔಷಧ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲೇ ಎಚ್ಚರಿಸಿತ್ತು. ಮೊದಲ ಸಲ ಬಿಳಿ ಬಟ್ಟೆಯ ಮೇಲೆ ಬ್ರಷ್ ಒರೆಸಿದಾಗ ನನಗೂ ನಂಬಿಕೆ ಬಂತು. ಶಬ್ದದ ಅಲೆಗಳಿಂದ ಕೊಳೆ ಬಿಡಿಸುವ ಅಲ್ಟ್ರಾಸೋನಿಕ್ ತೊಟ್ಟಿಗಂತೂ ಹಾಕುವುದೇ ಇಲ್ಲ. ಹೊಸ ಸಿಸ್ಟರ್ ಬಂದರೆ ಮೊದಲ ದಿನವೇ ಹೇಳಿಬಿಡುತ್ತೇನೆ.

ಇನ್ನೊಂದು ಕಿರಿಕಿರಿ, ಹ್ಯಾಂಡ್‌ಪೀಸನ್ನು ಕನ್ಸೋಲಿಗೆ (ಅದನ್ನು ನಡೆಸುವ ಪೆಟ್ಟಿಗೆಗೆ) ಜೋಡಿಸುವ ಕನೆಕ್ಟರ್. ಆಟೋಕ್ಲೇವ್‌ನಿಂದ ತೆಗೆದ ಕೂಡಲೇ ಸಿಕ್ಕಿಸಿದರೆ ಕನ್ಸೋಲ್ ಎರರ್ ತೋರಿಸುತ್ತದೆ. ಪಿನ್ ನಡುವೆ ಒಂದೇ ಒಂದು ಹನಿ ಇದ್ದರೂ ಸಾಕು. ಚೆನ್ನಾಗಿ ಒಣಗಿದ ಮೇಲೆ ಸಿಕ್ಕಿಸಿದರೆ ತಕರಾರಿಲ್ಲ.

ನೀರು ಬದಲಾಯಿಸಿದ ಮೇಲೆ ಎರಡು ವರ್ಷ ಆಯಿತು, ಒಂದು ದಿನವೂ ನಿಂತಿಲ್ಲ. ಶಬ್ದ ಸ್ವಲ್ಪ ಒರಟಾಗಿದೆ, ಅಷ್ಟೇ. ಹೋದ ತಿಂಗಳು ಕಂಪನಿಯ ರೆಪ್ ಬಂದು ಹೊಸ ಮಾಡೆಲ್‌ನ ಆರ್‌ಪಿಎಂ (ನಿಮಿಷಕ್ಕೆ ತಿರುಗುವ ಸುತ್ತು) ಎಷ್ಟು ಜಾಸ್ತಿ ಅಂತ ಅರ್ಧ ಗಂಟೆ ಹೇಳಿದರು. ನಾನು ಕೇಳಿದ್ದು ಎರಡೇ: ಸೀಲ್ ಎಷ್ಟು ಸಲದ ಆಟೋಕ್ಲೇವ್‌ಗೆ ತಡೆಯುತ್ತದೆ? ರಿಪೇರಿಗೆ ಹೋದಾಗ ಬದಲಿ ಕೊಡುತ್ತೀರಾ? "ಮೇಲ್ ಮಾಡ್ತೀನಿ ಸರ್" ಅಂದು ಹೋದರು. ಇನ್ನೂ ಬಂದಿಲ್ಲ.