ಟಂಕಸಾಲೆಯ ತಪ್ಪೋ, ಹೊರಗೆ ಬಿದ್ದ ಪೆಟ್ಟೋ: ಹತ್ತು ಪಟ್ಟಿನ ಲೂಪ್ ಬಳಸಿದ ಅನುಭವ

ಮೂರು ಮಸೂರಗಳನ್ನು ಒಂದಕ್ಕೊಂದು ಅಂಟಿಸಿ ಮಾಡಿದ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ಮಡಚಿ ಜೇಬಿನಲ್ಲಿಟ್ಟುಕೊಳ್ಳಬಹುದಾದ ಲೂಪ್ ಒಂದನ್ನು ಎರಡು ವರ್ಷಗಳಿಂದ ಬಳಸುತ್ತಿದ್ದೇನೆ. ಚಿಲ್ಲರೆಯ ರಾಶಿಯಲ್ಲಿ ಸಿಗುವ ವಿಚಿತ್ರ ನಾಣ್ಯಗಳಲ್ಲಿ ಯಾವುದು ಟಂಕಸಾಲೆಯಲ್ಲೇ ಆದ ತಪ್ಪು, ಯಾವುದು ಹೊರಗೆ ಬಂದ ಮೇಲೆ ತಿಂದ ಪೆಟ್ಟು ಎಂದು ತಿಳಿಯುವುದಕ್ಕಾಗಿಯೇ ಇದನ್ನು ಕೊಂಡೆ. ಆ ಕೆಲಸಕ್ಕೆ ಇದು ಎಷ್ಟರಮಟ್ಟಿಗೆ ಒದಗುತ್ತದೆ ಎಂಬುದನ್ನಷ್ಟೇ ಇಲ್ಲಿ ಹೇಳುತ್ತೇನೆ.

ಮಸೂರದ ಬಗ್ಗೆ ದೂರಿಲ್ಲ. ಅಕ್ಷರಗಳ ತುದಿಯಲ್ಲಿ ಬಣ್ಣದ ಗೆರೆ ಕಾಣುವುದಿಲ್ಲ, ನೋಟದ ಅಂಚಿನಲ್ಲೂ ಆಕಾರ ಸೊಟ್ಟಗಾಗುವುದಿಲ್ಲ. ಸ್ಪಷ್ಟವಾಗಿ ಕಾಣಬೇಕಾದರೆ ನಾಣ್ಯವು ಮಸೂರದಿಂದ ಸುಮಾರು 2.5 ಸೆಂಟಿಮೀಟರ್ ದೂರದಲ್ಲಿರಬೇಕು. ಲೂಪನ್ನು ಕಣ್ಣಿಗೆ ಹತ್ತಿರ ಹಿಡಿದು ನಾಣ್ಯವನ್ನು ಅದರೆಡೆಗೆ ತರುವುದು ಸರಿಯಾದ ಕ್ರಮ. ಇಡೀ ನಾಣ್ಯ ಒಮ್ಮೆಗೇ ಕಾಣದು, ಅಂಚಿನ ಗುಂಟ ನಿಧಾನವಾಗಿ ಸುತ್ತುತ್ತಾ ನೋಡಬೇಕು. ಆ ನಿಧಾನವೇ ಈ ಕೆಲಸಕ್ಕೆ ಒಳ್ಳೆಯದು ಎಂಬುದು ನನ್ನ ಅನುಭವ.

ದೂರಿರುವುದು ಮಸೂರದ ಸುತ್ತ ಅಳವಡಿಸಿರುವ ಎಲ್‌ಇಡಿ ದೀಪದ ಬಗ್ಗೆ. ಬೆಳಕು ನೇರವಾಗಿ ಮೇಲಿನಿಂದ ಬೀಳುವುದರಿಂದ ನೆರಳೇ ಹುಟ್ಟುವುದಿಲ್ಲ, ನೆರಳಿಲ್ಲದಿದ್ದರೆ ಉಬ್ಬು ಯಾವುದು, ತಗ್ಗು ಯಾವುದು ಎಂದು ತಿಳಿಯುವುದಿಲ್ಲ. ನಾಣ್ಯದ ಪರೀಕ್ಷೆ ನಿಂತಿರುವುದೇ ಈ ಭೇದದ ಮೇಲೆ. ಟಂಕಿಸುವ ಅಚ್ಚು ಬಿರುಕು ಬಿಟ್ಟರೆ ಒತ್ತಡಕ್ಕೆ ಲೋಹವು ಆ ಬಿರುಕಿನೊಳಗೆ ನುಗ್ಗುತ್ತದೆ, ಆದ್ದರಿಂದ ನಾಣ್ಯದ ಮೇಲೆ ಉಬ್ಬಿದ ಗೆರೆ ಮೂಡುತ್ತದೆ; ಮೊಳೆಯೋ ಕಲ್ಲೋ ಗೀರಿದರೆ ಆಗುವುದು ತಗ್ಗು. ಅಂಚಿನಿಂದ ಹೊರಟು ಒಂದು ಅಕ್ಷರವನ್ನು ದಾಟಿ ಮುಖದ ಕೆನ್ನೆಯವರೆಗೆ ಹರಿದಿದ್ದ ಗೆರೆಯನ್ನು ಈ ದೀಪದಲ್ಲಿ ನೋಡಿ, ಬರಿಯ ಗೀರು ಎಂದುಕೊಂಡು, ಆ ನಾಣ್ಯವನ್ನು ಖರ್ಚಿನ ಡಬ್ಬಿಗೆ ಹಾಕಿದ್ದೆ. ಮರುದಿನ ಎಲ್‌ಇಡಿ ಆರಿಸಿ, ಮೇಜಿನ ದೀಪವನ್ನು ಎಡಗಡೆ ತಗ್ಗಿಸಿಟ್ಟು ಮತ್ತೆ ನೋಡಿದಾಗ ಗೆರೆಯ ಎಡಬದಿ ಬೆಳಗಿತ್ತು, ನೆರಳು ಬಲಬದಿಗೆ ಬಿದ್ದಿತ್ತು. ಅದು ಗೀರಾಗಿದ್ದರೆ ಎಡಗೋಡೆ ಕಪ್ಪಾಗಿ, ಬಲಗೋಡೆ ಹೊಳೆಯಬೇಕಿತ್ತು. ಕಣ್ಣು ಕೆಲವೊಮ್ಮೆ ಉಬ್ಬನ್ನೇ ತಗ್ಗೆಂದು ತೋರಿಸಿ ಮೋಸ ಮಾಡುತ್ತದೆ. ಆಗ ಪಕ್ಕದ ಅಕ್ಷರದ ನೆರಳಿನೊಂದಿಗೆ ಹೋಲಿಸಿದರೆ ಸಾಕು, ಅಕ್ಷರವಂತೂ ಉಬ್ಬಿಯೇ ಇರುತ್ತದೆ.

ಎರಡೆರಡಾಗಿ ಕಾಣುವ ಅಕ್ಷರಗಳ ವಿಚಾರದಲ್ಲಿ ಈ ಲೂಪ್ ತನ್ನ ಬೆಲೆಯನ್ನು ಪೂರ್ತಿ ತೀರಿಸಿದೆ. ಅಚ್ಚನ್ನು ತಯಾರಿಸುವಾಗಲೇ, ಅದರೊಳಗೆ ಚಿತ್ರವನ್ನು ಮೂಡಿಸುವ ಮೂಲಮುದ್ರೆಯು ಸ್ವಲ್ಪ ತಿರುಗಿ ಎರಡನೆಯ ಬಾರಿ ಒತ್ತಿದರೆ ಹುಟ್ಟುವುದು ನಿಜವಾದ ಡಬಲ್ ಡೈ; 1955ರ ಅಮೆರಿಕದ ಒಂದು ಸೆಂಟ್ ನಾಣ್ಯದಲ್ಲಿ ಅದು ಬರಿಗಣ್ಣಿಗೇ ಕಾಣುವಷ್ಟು ದೊಡ್ಡದಾಗಿದೆ. ಅಂಥ ನಾಣ್ಯದಲ್ಲಿ ಎರಡೂ ಅಕ್ಷರಗಳು ದುಂಡಗೆ ಎದ್ದಿರುತ್ತವೆ, ಮೂಲೆಗಳಲ್ಲಿ ಸಣ್ಣ ಕಚ್ಚು ಕಾಣುತ್ತದೆ, ಅಕ್ಷರವು ಒಟ್ಟಿನಲ್ಲಿ ದಪ್ಪವಾಗಿರುತ್ತದೆ. ಟಂಕಿಸಿದ ಮರುಕ್ಷಣ ಸಡಿಲವಾದ ಅಚ್ಚು ಜರುಗಿ ಅಕ್ಷರದ ಬದಿಯನ್ನು ಕೆರೆದಾಗ ಆಗುವ ಜೋಡಿನೋಟ ಬೇರೆಯದು: ಎರಡನೆಯದು ಚಪ್ಪಟೆಯಾಗಿ, ಮೆಟ್ಟಿಲಿನಂತೆ ತಗ್ಗಿನಲ್ಲಿ ಹೊಳೆಯುತ್ತದೆ, ಮೂಲ ಅಕ್ಷರವೇ ಸವೆದು ತೆಳ್ಳಗಾಗಿರುತ್ತದೆ. ಇದೂ ಟಂಕಸಾಲೆಯೊಳಗೇ ಆದದ್ದಾದರೂ ಸಂಗ್ರಾಹಕರು ಇದಕ್ಕೆ ಅಂಥ ಬೆಲೆ ಕೊಡುವುದಿಲ್ಲ. ಈ ವ್ಯತ್ಯಾಸ ತಿಳಿಯಲು ಹತ್ತು ಪಟ್ಟು ಧಾರಾಳವಾಗಿ ಸಾಕು. ಇನ್ನೂ ಹೆಚ್ಚು ಕಾಣಲೆಂದು ಕಂಪ್ಯೂಟರಿಗೆ ಜೋಡಿಸುವ ಸೂಕ್ಷ್ಮದರ್ಶಕವೊಂದನ್ನೂ ಬಳಸಿ ನೋಡಿದೆ; ಅದರಲ್ಲಿ ಪ್ರತಿಯೊಂದು ಚುಕ್ಕೆಯೂ ಮಹತ್ವದ್ದೆಂದೇ ತೋರಿ, ಸಾಮಾನ್ಯ ಸವೆತದ ಹಿಂದೆ ಮೂರು ಸಂಜೆಗಳು ಕಳೆದುಹೋದವು.

ಅಂಚು ಕತ್ತರಿಸಿಹೋದಂತಿರುವ ನಾಣ್ಯಗಳಿಗೂ ಲೂಪ್ ಉತ್ತರ ಕೊಡುತ್ತದೆ. ಬಿಲ್ಲೆಯನ್ನು, ಅಂದರೆ ಇನ್ನೂ ಟಂಕಿಸದ ಖಾಲಿ ಲೋಹದ ತುಂಡನ್ನು, ಲೋಹದ ಹಾಳೆಯಿಂದ ಕತ್ತರಿಸುವಾಗಲೇ ಒಂದು ತುಂಡು ತಪ್ಪಿದ್ದರೆ, ಮುಂದೆ ಅಂಚನ್ನು ಎತ್ತುವ ಯಂತ್ರದಲ್ಲಿ ಅದರ ಎದುರುಬದಿಗೆ ಬೇಕಾದ ಒತ್ತಡ ಸಿಗುವುದಿಲ್ಲ. ಆದ್ದರಿಂದ ಆ ಎದುರುಬದಿಯ ಅಂಚು ಅನೇಕ ವೇಳೆ ಮಂಕಾಗಿರುತ್ತದೆ. ಖಾಲಿ ಜಾಗದ ಪಕ್ಕದ ಅಕ್ಷರಗಳು ಅದರ ಕಡೆಗೆ ಎಳೆದಂತೆ ಹರಡಿರುವುದೂ ಉಂಟು. ಮನೆಯಲ್ಲಿ ಕತ್ತರಿಸಿದ್ದರೆ ಅಕ್ಷರ ನೇರವಾಗಿ ತುಂಡಾಗಿರುತ್ತದೆ, ಅರದ ಗೆರೆಗಳು ಕಾಣುತ್ತವೆ. ಎರಡು ನಾಣ್ಯಗಳನ್ನು ಒಟ್ಟಿಗೆ ಇಕ್ಕಳದಲ್ಲಿ ಬಿಗಿದು ತಿರುವುಮುರುವು ಅಕ್ಷರ ಮೂಡಿಸಿದ್ದರೆ, ಅದರಡಿ ಮೂಲಚಿತ್ರ ಚಪ್ಪಟೆಯಾಗಿ ಉಳಿದಿರುತ್ತದೆ.

ಲೂಪ್ ಕೈಚೆಲ್ಲುವುದು ತೂಕದ ಮುಂದೆ. ಆಮ್ಲದಲ್ಲಿ ಮುಳುಗಿಸಿ ತೆಳ್ಳಗಾದ ನಾಣ್ಯವೊಂದು ನನಗೆ ತೆಳು ಬಿಲ್ಲೆಯ ಮೇಲೆ ಟಂಕಿಸಿದ್ದರಂತೆಯೇ ಕಂಡಿತ್ತು. ಕಡಿಮೆ ತೂಕವನ್ನು ತಕ್ಕಡಿ ತೋರಿಸಿದ ಮೇಲೆ ಮತ್ತೆ ನೋಡಿದಾಗ, ಅಕ್ಷರಗಳು ಎಲ್ಲ ಕಡೆಯಿಂದಲೂ ಒಂದೇ ಸಮನೆ ಕರಗಿದ್ದುದು ಕಣ್ಣಿಗೆ ಬಿತ್ತು. 1943ರ ಅಮೆರಿಕದ ಸೆಂಟ್ ಸಾಮಾನ್ಯವಾಗಿ ಸತುವಿನ ಲೇಪವಿರುವ ಉಕ್ಕಿನದು, ತೂಕ 2.70 ಗ್ರಾಂ, ತಪ್ಪಿ ಕಂಚಿನ ಬಿಲ್ಲೆಯ ಮೇಲೆ ಟಂಕಿಸಿದ್ದು 3.11 ಗ್ರಾಂ ತೂಗುತ್ತದೆ. ಉಕ್ಕಿನದಕ್ಕೇ ತಾಮ್ರ ಲೇಪಿಸಿ ಮಾರುವವರಿದ್ದಾರೆ, ಆದರೆ ಆ ನಾಣ್ಯ ಅಯಸ್ಕಾಂತಕ್ಕೆ ಅಂಟುತ್ತದೆ. ಹಾಗಾಗಿ 0.01 ಗ್ರಾಂವರೆಗೆ ತೂಗುವ ತಕ್ಕಡಿಯನ್ನೂ ಒಂದು ಅಯಸ್ಕಾಂತವನ್ನೂ ಲೂಪಿನ ಜೊತೆಗೇ ಕೊಳ್ಳಬೇಕು.

ವರ್ಷವೊಂದರಲ್ಲಿ ಮಡಿಕೆಯ ತಿರುಪು ಸಡಿಲವಾಯಿತು, ಬಿಗಿಮಾಡಿದ ಮೇಲೆ ತೊಂದರೆ ಕೊಟ್ಟಿಲ್ಲ. ಮತ್ತೊಮ್ಮೆ ಕೊಳ್ಳುವುದಾದರೆ ಇದೇ ಮಸೂರವಿರುವ, ದೀಪವಿಲ್ಲದ, ಹೊಳಪಿಲ್ಲದ ಕಪ್ಪು ಮೈಯ ಲೂಪನ್ನು ಆರಿಸುತ್ತೇನೆ. ಇದರ ಬೆಳ್ಳಿಬಣ್ಣದ ಚೌಕಟ್ಟಿನ ಪ್ರತಿಫಲನ ನಾಣ್ಯದ ಮೇಲೆ ಬಿದ್ದು, ಇಲ್ಲದ ಗೆರೆಗಳನ್ನು ತೋರಿಸುತ್ತದೆ.