ಕಲಬುರಗಿಯಲ್ಲಿ ರ‍್ಯಾಕೆಟ್ ಗಟ್ಟಿಂಗ್ ಮಾಡಿಸಬೇಕೆಂದರೆ ಈ ಅಂಗಡಿಗೇ ಬನ್ನಿ

ನನ್ನ ಮಗಳಿಗೆ 12 ವರ್ಷ, ಸೈನಾ ನೆಹ್ವಾಲ್ ಎಂದರೆ ಪ್ರಾಣ. ಹೋದ ತಿಂಗಳು ಅವಳ ಬ್ಯಾಡ್ಮಿಂಟನ್ ರ‍್ಯಾಕೆಟ್ಟಿನ ಗಟ್ (ಎಳೆಗಳ ಬಲೆ) ಹರಿದಾಗ, "ಈ ಸಲ 28 ಪೌಂಡೇ ಹಾಕಿಸು ಮಮ್ಮಿ, ದೊಡ್ಡ ಪ್ಲೇಯರೆಲ್ಲ ಅಷ್ಟೇ ಬಿಗಿ ಹಾಕಿಸ್ತಾರ" ಎಂದು ಹಟ ಹಿಡಿದಳು. ಸೂಪರ್ ಮಾರ್ಕೆಟ್ ಕಡೆಯ ಒಳಓಣಿಯಲ್ಲಿರುವ ಈ ಸಣ್ಣ ಅಂಗಡಿಗೆ ಕರೆದುಕೊಂಡು ಬಂದೆ. ಹಿಂದೊಮ್ಮೆ ಬೇರೆ ಕಡೆ ಕೊಟ್ಟಿದ್ದೆ. ಅವರು ಕೇಳಿದಷ್ಟು ಎಳೆದು ಕೊಟ್ಟರು, ಹತ್ತೇ ದಿನಕ್ಕೆ ಫ್ರೇಮ್ ಸೀಳಿತು.

ಇಲ್ಲಿಯ ಚಾಚಾ ರ‍್ಯಾಕೆಟ್ ನೋಡುವ ಮೊದಲು ಹುಡುಗಿಯ ಕೈ ನೋಡಿದರು. "ಎಷ್ಟು ವರ್ಷ ಆತು ಬೇಟಾ ಆಡ್ಲಾಕತ್ತಿ?" ಎರಡು ಎಂದಳು. "ಹಂಗಾದ್ರ 21 ಸಾಕು. 28ಕ್ಕ ಎಳದ್ರ ಹಲಗಿ ಆಗ್ತದ. ನಡುವ ಸರಿಯಾಗಿ ಬಿದ್ರ ಮಾತ್ರ ಶಟಲ್ ಹೋಗ್ತದ, ತಪ್ಪಿದ್ರ ಪೆಟ್ಟೆಲ್ಲ ಮೊಣಕೈಗೆ." ಹೆಚ್ಚು ಬಿಗಿ ಹಾಕಿ ದುಡ್ಡು ತಗೊಂಡು ಕಳಿಸುವುದು ಸುಲಭವಿತ್ತು, ಅವರು ಹಾಗೆ ಮಾಡಲಿಲ್ಲ.

ಅವಳ ಮುಖ ಸಪ್ಪಗಾಯಿತು. ಚಾಚಾ ಫ್ರೇಮನ್ನು ಮಷಿನ್‌ಗೆ ಬಿಗಿದು, ಎಳೆ ಹಾಯುವ ತೂತುಗಳಲ್ಲಿ ಸವೆದಿದ್ದ ಎರಡು ಗ್ರಾಮೆಟ್ (ಸಣ್ಣ ಪ್ಲಾಸ್ಟಿಕ್ ಕೊಳವೆ) ಬದಲಿಸಿ, ಬಿಜಿ 65 ಎಂಬ ಗಟ್ ಒಂದೊಂದೇ ಎಳೆ ಪೋಣಿಸುತ್ತಿದ್ದರು. ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಸ್ಟೂಲಿನ ಮೇಲೆ ಕುಳಿತು ಸೈನಾ ವಿಷಯವನ್ನೇ ಮಾತಾಡಿದೆವು. 1990ರಲ್ಲಿ ಹಿಸಾರ್‌ನಲ್ಲಿ ಹುಟ್ಟಿ, ಎಂಟರ ವಯಸ್ಸಿಗೆ ನಮ್ಮ ಪಕ್ಕದ ಹೈದರಾಬಾದಿಗೆ ಬಂದ ಹುಡುಗಿ. ಬೆಳಗಿನ ಜಾವ ಅಪ್ಪನ ಸ್ಕೂಟರ್ ಮೇಲೆ ಲಾಲ್ ಬಹಾದ್ದೂರ್ ಕ್ರೀಡಾಂಗಣಕ್ಕೆ ಹೋಗುವಾಗ ನಿದ್ದೆಗಣ್ಣಲ್ಲಿ ಬಿದ್ದಾಳೆಂದು ಅಮ್ಮ ಉಷಾ ರಾಣಿ ಹಿಂದೆ ಹಿಡಿದುಕೊಂಡು ಕೂರುತ್ತಿದ್ದರಂತೆ. ಆ ತಾಯಿಯೂ ಹರಿಯಾಣದಲ್ಲಿ ರಾಜ್ಯಮಟ್ಟಕ್ಕೆ ಆಡಿದವರು. ನಾನು ಕಾಲೇಜ್ ಟೀಮಿನಲ್ಲೇ ನಿಂತವಳು. ಆದರೂ ಬೆಳಿಗ್ಗೆ ಐದೂವರೆಗೆ ಸ್ಕೂಟಿ ಹಿಂದೆ ತೂಕಡಿಸುವ ಮಗಳನ್ನು ಚಂದ್ರಶೇಖರ ಪಾಟೀಲ ಕ್ರೀಡಾಂಗಣದ ಕಡೆ ಒಯ್ಯುವಾಗ ಆಕೆಯ ನೆನಪಾಗುತ್ತದೆ.

2012ರ ಲಂಡನ್ ಕಂಚಿನ ಮಾತು ತೆಗೆದವರು ಚಾಚಾ. ಭಾರತಕ್ಕೆ ಬ್ಯಾಡ್ಮಿಂಟನ್‌ನಲ್ಲಿ ಸಿಕ್ಕ ಮೊದಲ ಒಲಿಂಪಿಕ್ ಪದಕ ಅದು. ಎದುರಾಳಿ ಚೀನಾದ ವಾಂಗ್ ಷಿನ್ ಮೊದಲ ಗೇಮ್ 21-18ರಿಂದ ಗೆದ್ದಿದ್ದಳು. ಎರಡನೆಯದರಲ್ಲಿ ಒಂದು ಪಾಯಿಂಟ್ ಆಗುವಷ್ಟರಲ್ಲಿ ಮೊಣಕಾಲು ಕೈಕೊಟ್ಟು ಆಟ ಬಿಟ್ಟಳು. "ಆ ಹುಡುಗಿ ಅಳುವ ಮುಖ ನನಗ ಇನ್ನೂ ಮರ್ತಿಲ್ಲ" ಎಂದರು. ಮುಂದೆ ಸೈನಾಗೂ ಮೊಣಕಾಲೇ ಕಾಡಿತು. 2014ರಲ್ಲಿ ಬೆಂಗಳೂರಿಗೆ ಹೋಗಿ ಕೋಚ್ ವಿಮಲ್ ಕುಮಾರ್ ಬಳಿ ಅಭ್ಯಾಸ ಮಾಡಿದರು. ಮರುವರ್ಷ ವಿಶ್ವದ ನಂಬರ್ 1. 2016ರ ರಿಯೊ ಒಲಿಂಪಿಕ್ಸ್ ಮುಗಿದ ಕೂಡಲೇ ಆಪರೇಷನ್. ಎರಡು ವರ್ಷದ ಒಳಗೆ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಫೈನಲ್‌ನಲ್ಲಿ ಸಿಂಧು ಅವರನ್ನೇ 21-18, 23-21ರಿಂದ ಸೋಲಿಸಿ ಚಿನ್ನ ಗೆದ್ದರು. 2024ರಲ್ಲಿ, ಮೊಣಕಾಲಿನ ಮೃದ್ವಸ್ಥಿ ಸವೆದು ಸಂಧಿವಾತ ಬಂದಿದೆ ಎಂದು ಅವರೇ ಹೇಳಿಕೊಂಡಾಗ ನನ್ನ ಮಗಳು ಅವತ್ತು ರಾತ್ರಿ ಸರಿಯಾಗಿ ಊಟ ಮಾಡಿರಲಿಲ್ಲ.

ಮಾತು ಅಲ್ಲಿಗೆ ಬಂದಾಗ ಅವಳು ತನ್ನ ಮೊಣಕೈ ಒಮ್ಮೆ ಸವರಿಕೊಂಡು, "21ಕ್ಕೇ ಇರ್ಲಿ ಚಾಚಾ" ಎಂದಳು.

ಕೆಲಸ ಅಚ್ಚುಕಟ್ಟು. ತಿಂಗಳಾಯಿತು, ಗಟ್ ಸಡಿಲಾಗಿಲ್ಲ, ಅವಳ ಟಾಸ್ (ಎತ್ತರಕ್ಕೆ ಹೊಡೆದ ಶಟಲ್) ಈಗ ಹಿಂದಿನ ಗೆರೆವರೆಗೆ ಬೀಳುತ್ತದೆ. ನೈಲಾನ್ ಶಟಲ್ ಕೇಳಿದರೆ ನಿಧಾನ ಓಡುವ ಹಸಿರು ಪಟ್ಟಿಯದನ್ನೇ ಕೊಟ್ಟರು. ಬಿಸಿ ಗಾಳಿಗೆ ಶಟಲ್ ಬೇಗ ಓಡುತ್ತದೆ, ನಮ್ಮ ಬೇಸಿಗೆಗೆ ನಿಧಾನದ್ದೇ ಬೇಕು. ಇದನ್ನು ಇಷ್ಟು ವರ್ಷ ಯಾವ ಅಂಗಡಿಯವರೂ ನನಗೆ ಹೇಳಿರಲಿಲ್ಲ. ಗರಿಯ ಶಟಲ್ ಮಾತ್ರ ಬೇಕೆಂದಾಗ ಸಿಗುವುದಿಲ್ಲ, ಅದೊಂದು ಕೊರತೆ. ಒಬ್ಬರೇ ಇರುವುದರಿಂದ ಟೂರ್ನಮೆಂಟ್ ಹತ್ತಿರ ಬಂದಾಗ ಎರಡು ದಿನ ಕಾಯಬೇಕು. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಮುಚ್ಚಿರುತ್ತದೆ.

ಹೊರಡುವಾಗ ಚಾಚಾ ಹೇಳಿದ್ದು ಮಕ್ಕಳಿರುವವರಿಗೆಲ್ಲ ಉಪಯೋಗಕ್ಕೆ ಬರುತ್ತದೆ: "ಒಂದ್ ಎಳಿ ಹರೀತಂದ್ರ ಉಳಿದದ್ದೂ ನಡುವಿನಿಂದ ಕತ್ತರಿಸಿಬಿಡ್ರಿ ಅಕ್ಕಾ, ಹಂಗೇ ಬಿಟ್ರ ಒಂದೇ ಕಡೆ ಜಗ್ಗಿ ಫ್ರೇಮ್ ಸೊಟ್ಟ ಆಗ್ತದ." ಈಗ ಅವಳ ಕಿಟ್ ಬ್ಯಾಗಿನಲ್ಲಿ ಒಂದು ಸಣ್ಣ ಕತ್ತರಿ ಇಟ್ಟಿದ್ದೇನೆ.